ರಾಟೆಗೆ ಹಾಕಿದ ಕಾಳು

"ಮೊದಲು ಆ ಪಂಜರ ತೆಗೀರೋ!" ವರ್ದಿಯಾ ಒಳಕೋಣೆಯಿಂದ ಕೂಗಿದಳು. "ಬದುಕಿರೋವರೆಗೂ ಅದರ ಕೆಳಗೆ ತಲೆ ಬಗ್ಗಿಸಿಕೊಂಡೇ ಓಡಾಡಿದ. ಈಗಲಾದ್ರೂ ನೆಟ್ಟಗೆ ಹೋಗಲಿ."

ನಾಲ್ಕು ಜನ ಅವಳ ಗಂಡ ರೆಜ್ಕಿಯ ಜನಾಜವನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು. ಮುಂದಿನ ಇಬ್ಬರು ಆಗಲೇ ಮೆಟ್ಟಿಲ ತಿರುವಿನಲ್ಲಿದ್ದರು, ಹಿಂದಿನ ಇಬ್ಬರು ಇನ್ನೂ ಮನೆಯೊಳಗೆ. ನಡುವೆ ಚೌಕಟ್ಟಿನ ಕೊಕ್ಕೆಯಲ್ಲಿ ಹಸಿರು ಬಟ್ಟೆ ಹೊದಿಸಿದ ಪಂಜರ. ಹಲಗೆಯ ಅಂಚು ತಗುಲಿ ಒಳಗಿನ ಬಟ್ಟಲು ಮಗುಚಿತು. ನವಣೆಯಂಥ ಕಾಳು ಬಟ್ಟೆಯ ಸಂದಿಯಿಂದ ಸುರಿದು ಹೆಣದ ಮೇಲಿನ ಕಂಬಳಿಯ ತುಂಬ ಹರಡಿತು.

"ನೋಡಿ, ನೋಡಿ. ಹೋಗುವಾಗಲೂ ಮೈಮೇಲೆ ಕಾಳು ಚೆಲ್ಲಿಕೊಂಡೇ ಹೊರಟ."

ಮೆಟ್ಟಿಲ ಮೇಲೆ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿದರು. ಮಗ ಝುಬೀರ್ ಒಂದು ಕೈಯಲ್ಲಿ ಹಲಗೆ ಹಿಡಿದುಕೊಂಡೇ ಇನ್ನೊಂದರಲ್ಲಿ ಕಾಳು ಕೊಡವಲು ಹೋದ.

"ಕೊಡವಬೇಡ ಮಗಾ, ಇರಲಿ ಬಿಡು," ಎಂದ ಮುಂದೆ ಹೆಗಲು ಕೊಟ್ಟಿದ್ದ ಬುಸಾದ್. ರೆಜ್ಕಿಯ ಹಳೆಯ ಸ್ನೇಹಿತ ಅವನು. ಬಾಬ್ ಎಲ್ ವಾದ್ ಕೇರಿಯ ಹಕ್ಕಿ ಸಾಕುವವರೆಲ್ಲ ಅವನ ಮಾತೇ ಕೊನೆ ಎನ್ನುತ್ತಿದ್ದರು. "ಪಂಜರ ಮಾತ್ರ ಮೆಲ್ಲಗೆ ಇಳಿಸಿ. ಮಕ್ನೀನ್ ಹಕ್ಕಿದು ಪುಟ್ಟ ಎದೆ. ಹೆದರಿದ್ರೆ ಹಾಡು ಬಿಟ್ಟುಬಿಡುತ್ತೆ."

"ಇವನಿಗೂ ಅದರದೇ ಚಿಂತೆ!" ವರ್ದಿಯಾ ಹಣೆ ಬಡಿದುಕೊಂಡಳು.

ಯಾರೋ ಪಂಜರ ಇಳಿಸಿ ಕುರ್ಚಿಯ ಮೇಲಿಟ್ಟರು. ಕಲಿಮಾದ ದನಿ ಮೂರು ಅಂತಸ್ತು ಇಳಿಯುತ್ತ ಇಳಿಯುತ್ತ ಸಣ್ಣದಾಯಿತು. ಗಂಡಸರು ಗೋರಿಸ್ಥಾನಕ್ಕೆ ಹೋದರು, ಹೆಂಗಸರು ಉಳಿದರು. ವರ್ದಿಯಾ ಬಾಗಿಲವರೆಗೆ ಬಂದು ಖಾಲಿ ಮೆಟ್ಟಿಲನ್ನು ನೋಡಿದಳು. ಆಮೇಲೆ ಪೊರಕೆ ತಂದಳು.

"ಹೆಣ ಎದ್ದ ಬೆನ್ನಿಗೇ ಗುಡಿಸಬಾರದು ಕಣೇ," ಎಂದಳು ಅಲ್ಜಿಯಾ, ರೆಜ್ಕಿಯ ಅಕ್ಕ.

"ಇದು ಕಾಲಿಗೆ ಚುಚ್ಚುತ್ತೆ ಅತ್ತಿಗೆ. ನಲವತ್ತು ವರ್ಷದಿಂದ ಚುಚ್ಚುತ್ತಿದೆ."

ಸಾವಿನ ಮನೆಯಲ್ಲಿ ಕೆಲವರಿಗೆ ಅಳು ಮೊದಲು ಬರುತ್ತದೆ, ಕೆಲವರಿಗೆ ಸಿಟ್ಟು. ವರ್ದಿಯಾ ಎರಡನೆಯವರ ಪೈಕಿ. ಅವಳು ಗುಡಿಸಿದಳು. ಗುಡಿಸಿದ ಕಾಳನ್ನು ಎಸೆಯದೆ ಅಂಗೈಗೆ ತೆಗೆದುಕೊಂಡು, ಊದಿ, ಬಟ್ಟಲಿಗೆ ಹಾಕಿ, ಹಾಕಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

*

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕೇಳಿದ್ದಳು, "ಇದಕ್ಕೆ ತಿನ್ನೋಕೆ ಏನು ಕೊಡ್ತೀಯ?"

"ಒಂದು ಚಿಟಿಕೆ ಕಾಳು. ಅಷ್ಟೇ," ಎಂದಿದ್ದ ರೆಜ್ಕಿ.

ಆಗ ಅವನು ನಗರದ ಬಸ್ಸಿನ ಡ್ರೈವರು. ದಿನವಿಡೀ ಹಾರನ್ನು, ಜಗಳ, ಬಂದರಿನ ಲಾರಿಗಳ ಗದ್ದಲ. ಮನೆಗೆ ಬಂದರೆ ಅವನಿಗೆ ಹಕ್ಕಿಯ ದನಿಯೊಂದೇ ಬೇಕು. ಕೆಂಪು ಮೋರೆ, ರೆಕ್ಕೆಯಲ್ಲಿ ಹಳದಿ ಪಟ್ಟಿ, ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಮೈ. ಇಷ್ಟು ಚಿಕ್ಕದು ಎಷ್ಟು ತಿಂದೀತು ಎಂದು ಅವಳೂ ನಂಬಿದಳು.

ಚಿಟಿಕೆಯ ಹಿಂದೆ ಉಳಿದದ್ದು ಒಂದೊಂದಾಗಿ ಬಂತು. ಹೊಟ್ಟೆ ಕೆಡದಿರಲು ಸೌತೆಕಾಯಿ. ಗರಿ ಉದುರುವ ಕಾಲಕ್ಕೆ ಬೇಯಿಸಿದ ಮೊಟ್ಟೆಯ ಹಳದಿ. ದಿನಕ್ಕೆ ಅರ್ಧ ಸೇಬು. ಸೇಬಿಗೆ ಬಂಗಾರದ ಬೆಲೆ ಇದ್ದ ವರ್ಷಗಳಲ್ಲೂ ಅದು ತಪ್ಪಲಿಲ್ಲ. ಮನೆಗೆ ಒಂದೇ ಸೇಬು ಬಂದರೆ ಅರ್ಧ ಹಕ್ಕಿಗೆ, ಉಳಿದರ್ಧ ವರ್ದಿಯಾಗೆ. ಅವನು ತನಗೆ ಹಲ್ಲುನೋವು ಎನ್ನುತ್ತಿದ್ದ.

ಅದಕ್ಕಿಂತ ಕಷ್ಟದ್ದು ಸದ್ದಿನ ಮಾತು. ಮರಿ ಹಕ್ಕಿ ಹಾಡು ಕಲಿಯುವಾಗ ಕಿವಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಳ್ಳುತ್ತದೆ. ಒಂದು ಗುಬ್ಬಿಯ ಕೂಗು ಸೇರಿದರೂ ಹಾಡು ಕೆಟ್ಟಿತು. ಕೆಟ್ಟ ಹಾಡಿನ ಹಕ್ಕಿಗೆ, ಸಾಕುವವರೆಲ್ಲ ಪಂಜರ ಹಿಡಿದು ಸೇರುವ ಕೆಫೆಯಲ್ಲಿ ಯಾರೂ ಕುರ್ಚಿ ಸರಿಸಿ ಜಾಗ ಕೊಡುವುದಿಲ್ಲ. ಹಾಗಾಗಿ ಮನೆಯಲ್ಲಿ ಕೆಟಲು ಸಿಳ್ಳೆ ಹಾಕಬಾರದು, ಬೆಳಗಿನ ರೇಡಿಯೋ ಬೇಡ. ಝುಬೀರ್ ಹುಟ್ಟಿದಾಗ ನೆರೆಯ ಹೆಂಗಸರು ನಾಲಿಗೆ ಆಡಿಸಿ ಸಂತೋಷದ ಕೇಕೆ ಹಾಕಲೆಂದು ಬಾಯಿ ತೆರೆಯುವಷ್ಟರಲ್ಲಿ ರೆಜ್ಕಿ ಪಂಜರ ಎತ್ತಿಕೊಂಡು ತಾರಸಿಗೆ ಓಡಿದ್ದ. ಮಗನ ಮುಖ ನೋಡಿದ್ದು ಅದಾದ ಮೇಲೆ.

ವರ್ದಿಯಾಗೆ ಹಿಟ್ಟು ನಾದುವಾಗ ಹಾಡುವ ರೂಢಿ.

"ಹಾಡು, ಯಾರು ಬೇಡ ಅಂದ್ರು?" ಎಂದಿದ್ದ. "ಈ ಹಕ್ಕಿ ಕಲಿಯೋದು ಮುಗೀಲಿ."

ಅದು ಕಲಿತು, ಹಾಡಿ, ಮುದಿಯಾಗಿ ಸತ್ತಿತು. ಅಷ್ಟರಲ್ಲಿ ಇನ್ನೊಂದು ಮರಿ ಬಂದಿತ್ತು.

*

ಮಣ್ಣು ಮುಗಿಸಿ ಗಂಡಸರು ಮರಳಿದರು. ಬೀದಿಯಲ್ಲಿ ಟಾರ್ಪಾಲಿನ ಕೆಳಗೆ ಬಾಡಿಗೆಯ ಕುರ್ಚಿ ಹಾಕಿ ಖರ್ಜೂರ, ಕಾಫಿ ಇಟ್ಟಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಎದುರು ಮನೆಯವರು ಕುಸ್‌ಕುಸ್ ಮಾಡಿ ದೊಡ್ಡ ಮರಿಗೆಯಲ್ಲಿ ಕಳಿಸಿದ್ದರು.

ಝುಬೀರ್ ಶೂಗೆ ಅಂಟಿದ ಕೆಂಪು ಮಣ್ಣಿನೊಂದಿಗೇ ಮೇಲೆ ಬಂದ.

"ಅಮ್ಮಾ, ದಾರೀಲಿ ಬುಸಾದ್ ಚಾಚಾ ಒಂದು ಮಾತು ಹೇಳಿದ್ರು. ಹಕ್ಕಿ ಕೊಡೋದಾದ್ರೆ ತಗೋತಾರಂತೆ. ಒಂದು ಕುರಿ ಬೆಲೆ ಕೊಡ್ತಾರಂತೆ."

"ಗೋರಿ ಮಣ್ಣು ಇನ್ನೂ ಒಣಗಿಲ್ಲ, ಆಗಲೇ ವ್ಯಾಪಾರಕ್ಕೆ ಬಂದನಾ?" ಎಂದು ಅಲ್ಜಿಯಾ ಸಿಡಿದಳು. ಒಂದು ಗುಟುಕು ಕಾಫಿ ಕುಡಿದು, "ದೊಡ್ಡ ಕುರೀನೋ, ಚಿಕ್ಕದೋ?" ಎಂದಳು.

"ಹಬ್ಬದ ಕುರಿ ಅತ್ತೆ. ಕೊಂಬಿರೋದು."

"ಹಾಗಾದ್ರೆ ನಲವತ್ತನೇ ದಿನದ ಊಟಕ್ಕೆ ಆಯ್ತಲ್ಲ. ಕೊಟ್ಟುಬಿಡು ವರ್ದಿಯಾ. ತಿಂದದ್ದರಲ್ಲಿ ಸ್ವಲ್ಪ ತೀರಿಸಲಿ."

"ಇವತ್ತೇ ಒಯ್ಯಲಿ," ಎಂದಳು ವರ್ದಿಯಾ. "ಸಂಜೆಯೊಳಗೆ ಅದು ಈ ಮನೆಯಿಂದ ತೊಲಗಬೇಕು. ಒಂದು ರಾತ್ರಿ, ಒಂದೇ ರಾತ್ರಿ ನಾನು ಕಾಳು ಗುಡಿಸದೆ ಮಲಗಬೇಕು."

ಝುಬೀರ್ ವಿಮಾ ಕಚೇರಿಯ ನೌಕರ. ದುಃಖವಾದರೆ ಅವನ ಕೈ ತಾನಾಗಿ ಫೋನಿನ ಲೆಕ್ಕದ ಕಡೆ ಹೋಗುತ್ತಿತ್ತು. "ಈ ಹಕ್ಕಿ ಬಂದು ಏಳು ವರ್ಷ," ಎಂದು ಒತ್ತತೊಡಗಿದ. "ತಿಂಗಳಿಗೆ ಒಂದು ಕಿಲೋ ಕಾಳು ಅಂದ್ಕೊಳ್ಳೋಣ."

"ಕಿಲೋ ಎಲ್ಲೋ ತಿನ್ನುತ್ತೆ? ಅರ್ಧ ನೆಲಕ್ಕೆ," ಎಂದಳು ಅಲ್ಜಿಯಾ.

"ನೆಲಕ್ಕೆ ಬಿದ್ದದ್ದಕ್ಕೂ ದುಡ್ಡು ಕೊಟ್ಟೇ ತಂದಿರೋದು ಅತ್ತೆ."

"ಹಾಗಾದ್ರೆ ಸೇಬೂ ಹಾಕು. ಮೊಟ್ಟೆ ಹಾಕು. ಕೊಕ್ಕು ಮಸೆಯೋಕೆ ಅದೇನೋ ಮೀನಿನ ಮೂಳೆ ತರ್ತಿದ್ದನಲ್ಲ, ಅದು."

"ಶುಕ್ರವಾರದ ಹಕ್ಕಿ ಸಂತೆಗೆ ಬಸ್ಸು..."

"ಬಸ್ಸು ಬಿಡು. ಅವನ ಹತ್ರ ಯಾವ ಕಂಡಕ್ಟರು ಕಾಸು ತಗೋತಾನೆ?"

ಸಂತಾಪಕ್ಕೆ ಬಂದ ನೆರೆಯ ಹೆಂಗಸರೂ ಸೇರಿಕೊಂಡರು. ಒಬ್ಬಳು ತನ್ನ ಗಂಡನ ಪಾರಿವಾಳಗಳ ಕತೆ ತೆಗೆದಳು. ಇನ್ನೊಬ್ಬಳು, ಹಕ್ಕಿಯೇ ವಾಸಿ, ನನ್ನವನು ಫುಟ್‌ಬಾಲಿಗೆ ಕಾಳು ಹಾಕುತ್ತಾನೆ ಎಂದಳು. ಝುಬೀರ್ ಕೂಡಿ, ಗುಣಿಸಿ, ತಲೆ ಎತ್ತಿದ.

"ಎರಡು ಕುರಿ ಆಗುತ್ತೆ. ಒಂದು ಕುರಿಗೆ ಮಾರಿದ್ರೂ ಒಂದು ಕುರಿ ನಷ್ಟ."

"ನನ್ನದು ಹಾಕಿದ್ಯಾ?" ಎಂದಳು ವರ್ದಿಯಾ.

"ನಿಂದೇನಮ್ಮಾ?"

"ವಹ್ರಾನ್‌ನಲ್ಲಿ ನನ್ನ ತಂಗಿ ಮದುವೆ. ಹೋಗಲಿಲ್ಲ. ಯಾಕೆ? ಹಕ್ಕಿಗೆ ಜ್ವರ. ಹಕ್ಕಿಗೆ ಜ್ವರ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನನಗೇ ಜ್ವರ ಅಂತ ಹೇಳಿ ಕಳಿಸಿದೆ. ಅದನ್ನ ಹಾಕು. ಇಷ್ಟು ವರ್ಷ ಈ ಮನೇಲಿ ಬಾಯಿ ಬಿಟ್ಟು ಹಾಡಿಲ್ಲ. ಅದನ್ನ ಹಾಕು. ಎಷ್ಟು ಹಾಕ್ತೀಯ?"

ಝುಬೀರನ ಹೆಬ್ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು.

"ಆಮೇಲೆ ವಹ್ರಾನಿಗೆ ಹೋಗಿದ್ದೆಯಲ್ಲೇ," ಎಂದಳು ಅಲ್ಜಿಯಾ.

"ಹೋಗಿದ್ದೆ. ಅವಳು ಸತ್ತಾಗ."

"ಹೂಂ. ಆಗ ನಿನ್ನ ಗಂಡನಿಗೆ ಅಡುಗೆ ಮಾಡಿ ಹಾಕಿದವಳು ನಾನು. ಸಾಕಾಗಿಹೋಯ್ತು. ನೀನು ಬರೋವರೆಗೂ ಆ ಪಂಜರದ ಮುಂದೇ ಕೂತಿದ್ದ. ಏನೋ, ಚೆನ್ನಾಗಿ ಹಾಡ್ತಿದೆಯೇನೋ ಅಂದೆ. 'ಇಲ್ಲಕ್ಕ, ಬಟ್ಟೆ ಒಣಹಾಕ್ತಿದೆ' ಅಂದ. ಆವತ್ತೇ ಅಂದ್ಕೊಂಡೆ, ನನ್ನ ತಮ್ಮನಿಗೆ ತಲೆ ಕೆಟ್ಟಿತು ಅಂತ."

ಹೆಂಗಸರು ನಕ್ಕರು. ವರ್ದಿಯಾಗೂ ನಗು ಬಂತು, ಆದರೆ ಅದು ಅರ್ಧಕ್ಕೇ ನಿಂತಿತು. "ಬುಸಾದ್‌ನ ಕರೆಯೋ," ಎಂದಳು ಮಗನಿಗೆ.

*

ಆ ಮನೆಯಲ್ಲಿ ಹಕ್ಕಿಯಷ್ಟೇ ಹಳೆಯ ಇನ್ನೊಂದು ಜಗಳವಿತ್ತು, ಬಾಲ್ಕನಿಯ ರಾಟೆಯದು.

ಬಟ್ಟೆ ಒಣಗಿಸುವ ಹಗ್ಗ ಬಾಲ್ಕನಿಯಿಂದ ಬೀದಿ ದಾಟಿ ಎದುರು ಗೋಡೆಯವರೆಗೆ ಹೋಗುತ್ತಿತ್ತು. ಎರಡು ತುದಿಗೂ ಕಬ್ಬಿಣದ ರಾಟೆ. ಕಡಲ ಗಾಳಿಗೆ ತುಕ್ಕು ಹಿಡಿದು, ಹಗ್ಗ ಎಳೆದರೆ ಸಾಕು, ಈಚೆಯ ರಾಟೆ ಕಿರುಚುತ್ತಿತ್ತು. ಮೊದಲು ಎಳೆದು ಎಳೆದು ಕಿರ್ರ್... ಕಿರ್ರ್..., ಕೊನೆಗೆ ಒಂದು ಸಣ್ಣ ಕೀ.

"ಏ ಮನುಷ್ಯಾ, ಒಂದು ಹನಿ ಎಣ್ಣೆ ಬಿಡು ಇದಕ್ಕೆ," ಎನ್ನುತ್ತಿದ್ದಳು ವರ್ದಿಯಾ.

"ನಾಳೆ."

ಕೆಟಲಿನ ಸಿಳ್ಳೆಗೆ ಉರಿದುಬೀಳುವವನಿಗೆ ಇದು ಹೇಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಅಚ್ಚರಿ. ಹಳೆಯ ಹಕ್ಕಿಗಳಿದ್ದಾಗ ಅವನು ಬಟ್ಟೆಯ ಹೊತ್ತಿಗೆ ಪಂಜರವನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕುತ್ತಿದ್ದ. ಎಣ್ಣೆ ಮಾತ್ರ ಹಾಕಲಿಲ್ಲ. ಒಮ್ಮೆ ಎಣ್ಣೆ ತರಲೆಂದು ಹೋಗಿ ಕಾಳು ಹಿಡಿದುಕೊಂಡು ಬಂದ. ಆ ದಿನ ಅವಳು ಸಂಜೆವರೆಗೂ ಅವನೊಂದಿಗೆ ಮಾತಾಡಿರಲಿಲ್ಲ.

ಕೆಲಸದಿಂದ ನಿವೃತ್ತನಾದ ವರ್ಷ ಈ ಕೊನೆಯ ಮರಿ ಬಂತು. ಅದನ್ನು ಮಾತ್ರ ಅವನು ಒಳಗೆ ಒಯ್ಯಲಿಲ್ಲ. ಆ ಹೊತ್ತಿಗೆ ಬಾಗಿಲ ಕೊಕ್ಕೆಯಿಂದ ತಂದು ಬಾಲ್ಕನಿಯಲ್ಲೇ, ಬಟ್ಟೆ ಹರವುವ ವರ್ದಿಯಾಳ ತಲೆಯ ಪಕ್ಕದಲ್ಲೇ ತೂಗುಹಾಕಿ, ತಾನು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅದು ಹಾಡು ಕಲಿತ ಮೇಲೆ ಒಂದು ದಿನವೂ ಕೆಫೆಗೆ ಒಯ್ಯಲಿಲ್ಲ. ಯಾರಾದರೂ ಮನೆಗೆ ಬಂದರೆ ಪಂಜರಕ್ಕೆ ಬಟ್ಟೆ ಮುಚ್ಚಿಬಿಡುತ್ತಿದ್ದ. ರೆಜ್ಕಿಯ ಹತ್ತಿರ ಯಾರೂ ಕೇಳಿರದ ಹಾಡಿನ ಹಕ್ಕಿಯಿದೆ, ಕಣ್ಣು ಬಿದ್ದೀತೆಂದು ಮುಚ್ಚಿಡುತ್ತಾನೆ ಎಂದು ಕೆಫೆಯಲ್ಲಿ ಸುದ್ದಿಯಾಯಿತು. ಸುದ್ದಿಯ ಜೊತೆ ಬೆಲೆಯೂ ಏರಿತು.

ಇತ್ತೀಚೆಗೆ ಅವಳು ಅಡುಗೆಮನೆಯಲ್ಲಿದ್ದಾಗಲೂ ರಾಟೆಯ ಸದ್ದು ಕೇಳಿಬರುತ್ತಿತ್ತು.

"ನೋಡು, ಯಾರೂ ಎಳೆಯದಿದ್ರೂ ಕಿರುಚ್ತಿದೆ ನಿನ್ನ ರಾಟೆ!"

"ಗಾಳಿ," ಎನ್ನುತ್ತಿದ್ದ ರೆಜ್ಕಿ, ಮೀಸೆಯೊಳಗೇ ನಗುತ್ತ.

*

ಬುಸಾದ್ ಶೂ ಕಳಚಿ ಒಳಗೆ ಬಂದು, "ಅಲ್ಲಾಹ್ ನಿಮಗೆ ಸಹನೆ ಕೊಡಲಿ, ಝುಬೀರನ ತಾಯಿ," ಎಂದು ನೆಲ ನೋಡುತ್ತ ಕೂತ. ಆದರೆ ಅವನ ಕಣ್ಣು ಕುರ್ಚಿಯ ಮೇಲಿನ ಹಸಿರು ಬಟ್ಟೆಯ ಕಡೆಗೇ ಜಾರುತ್ತಿತ್ತು.

"ನಾಚಿಕೆ ಪಡಬೇಡ, ನೋಡು," ಎಂದಳು ವರ್ದಿಯಾ. "ಅವನೇ ಸಾಯೋವರೆಗೂ ನನ್ನ ಬಿಟ್ಟು ಅದನ್ನೇ ನೋಡ್ತಿದ್ದ."

ಬುಸಾದ್ ಪಂಜರವನ್ನು ಬಾಲ್ಕನಿಯ ಬಾಗಿಲ ಬಳಿ ಬೆಳಕಿಗೆ ಇಟ್ಟು, ಮಗುವಿನ ಮುಖದಿಂದ ತೆಗೆಯುವಂತೆ ಬಟ್ಟೆ ತೆಗೆದ. ಹಕ್ಕಿ ಕತ್ತು ಓರೆ ಮಾಡಿತು. ಬಟ್ಟಲಿಗೆ ಹಾರಿ ಒಂದು ಕಾಳು ಸುಲಿದು ಸಿಪ್ಪೆಯನ್ನು ನೆಲಕ್ಕೆ ಉಗುಳಿತು.

"ಶುರುವಾಯ್ತು," ಎಂದಳು ವರ್ದಿಯಾ.

"ಶ್."

ತನ್ನ ಮನೆಯಲ್ಲೇ ತನಗೆ ಶ್ ಎಂದವನನ್ನು ಅವಳು ನುಂಗುವಂತೆ ನೋಡಿದಳು. ಅಷ್ಟರಲ್ಲಿ ಹಕ್ಕಿ ಹಾಡಿತು.

ಮೊದಲು ಎರಡು ಮಣಿ ಉದುರಿದಂತೆ. ಆಮೇಲೆ ಮಣಿಸರವೇ ಹರಿದಂತೆ. ದನಿ ಏರಿ, ಅಲ್ಲಿ ನಡುಗಿ ನಿಂತು, ಮತ್ತೆ ಒಂದೊಂದೇ ಮೆಟ್ಟಿಲು ಇಳಿಯಿತು. ಬುಸಾದ್ ಕಣ್ಣು ಮುಚ್ಚಿದ್ದ. ಮಂಡಿಯ ಮೇಲೆ ಅವನ ಬೆರಳು ಒಂದೊಂದು ವರಸೆಗೂ ಮಡಚುತ್ತಿತ್ತು. "ಯಾ ರೆಜ್ಕಿ," ಎಂದ ಮೆಲ್ಲಗೆ, "ಇದನ್ನ ನಮ್ಮಿಂದ ಮುಚ್ಚಿಟ್ಟೆಯಲ್ಲೋ."

ಹಕ್ಕಿ ಉಸಿರು ತೆಗೆದುಕೊಂಡಿತು. ಎದೆ ಉಬ್ಬಿಸಿತು.

ಕಿರ್ರ್... ಕಿರ್ರ್... ಕೀ.

ಬುಸಾದ್‌ನ ಕಣ್ಣು ತೆರೆಯಿತು. "ಏನದು?"

ವರ್ದಿಯಾ ಬಾಲ್ಕನಿಯ ಕಡೆ ತಿರುಗಿದ್ದಳು. ಗಾಳಿ ಇರಲಿಲ್ಲ. ಹಗ್ಗ ಅಲ್ಲಾಡಿರಲಿಲ್ಲ. ಕ್ಲಿಪ್ಪುಗಳು ಸಾಲಾಗಿ ಸುಮ್ಮನೆ ಕೂತಿದ್ದವು.

ಹಕ್ಕಿ ಇನ್ನೊಮ್ಮೆ ಹಾಡಿತು. ಮಣಿ, ಮಣಿಸರ, ಏರು, ಇಳಿತ. ಕೊನೆಗೆ ಅದೇ ಕಿರ್ರ್, ಅದೇ ಕೀ. ಅದಕ್ಕೆ ಅದೇ ಬಹಳ ಇಷ್ಟವಾದ ಭಾಗವೆಂಬಂತೆ ಮೂರನೆಯ ಸಲ ಬರೀ ರಾಟೆಯನ್ನೇ ಹಾಡಿತು.

"ಕೆಟ್ಟುಹೋಗಿದೆ!" ಬುಸಾದ್ ಎದ್ದು ನಿಂತ. ಸಾವಿನ ಮನೆ ಎಂಬುದನ್ನೂ ಮರೆತು ಕೂಗಿದ. "ಇಂಥ ದನಿ, ಇಂಥ ಗಂಟಲು, ಅದರ ತುದೀಲಿ ತುಕ್ಕು ಹಿಡಿದ ರಾಟೆ! ಸಣ್ಣ ಹುಡುಗನಿಗೂ ಗೊತ್ತಿರುತ್ತೆ, ಕಲಿಯೋ ಮರೀನ ಸದ್ದಿನ ಹತ್ರ ಇಡಬಾರದು ಅಂತ. ನಾನು ಆಗಲೇ ಹೇಳಿದ್ದೆ ಅವನಿಗೆ, ಎಣ್ಣೆ ಹಾಕು ಅಂತ. ನನ್ನ ಕೈಯಾರೆ ಎಣ್ಣೆ ಡಬ್ಬಿ ಕೊಟ್ಟಿದ್ದೆ!"

"ಯಾವ ಡಬ್ಬಿ?" ಎಂದಳು ವರ್ದಿಯಾ.

"ಹೊಲಿಗೆ ಯಂತ್ರಕ್ಕೆ ಹಾಕ್ತಾರಲ್ಲ, ಆ ಚಿಕ್ಕ ಡಬ್ಬಿ. ಈ ಮರಿ ತಂದ ವಾರವೇ ಕೊಟ್ಟೆ. 'ಹೆಂಡ್ತಿ ದಿನಾ ಬೈತಾಳೆ, ರಾಟೆ ಕಿರುಚುತ್ತೆ ಅಂತ,' ಅಂದಿದ್ದ. 'ಬೈಗುಳ ಹಾಳಾಗಲಿ, ಮರಿ ಕಲಿತುಬಿಡುತ್ತೆ, ಇವತ್ತೇ ಹಾಕು' ಅಂದೆ. 'ಹೌದು, ಕಲಿತುಬಿಡುತ್ತೆ' ಅಂತ ತಲೆ ಆಡಿಸಿ ಇಸ್ಕೊಂಡು ಹೋದ."

ವರ್ದಿಯಾ ಅಡುಗೆಮನೆಗೆ ಹೋದಳು. ಗಂಡನ ಕಾಳಿನ ಡಬ್ಬಗಳಿದ್ದ ಶೆಲ್ಫಿಗೆ ಅವಳು ಕೈ ಹಾಕುತ್ತಿರಲಿಲ್ಲ. ಅದು ಅವಳ ಹಟ. ಈಗ ಡಬ್ಬಗಳನ್ನು ಒಂದೊಂದಾಗಿ ಸರಿಸಿದಳು. ಹಿಂದೆ, ಗೋಡೆಗೆ ಒರಗಿ, ಚಿಕ್ಕ ಎಣ್ಣೆ ಡಬ್ಬಿ ಇತ್ತು. ಅಲ್ಲಾಡಿಸಿದಳು. ತುಂಬಿತ್ತು. ಮೂತಿಯ ಮೇಲಿನ ಕೆಂಪು ಮುಚ್ಚಳದ ಸೀಲು ಒಡೆದಿರಲಿಲ್ಲ.

ಅದನ್ನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಬುಸಾದ್ ಡಬ್ಬಿ ನೋಡಿದ. ಅವಳನ್ನು ನೋಡಿದ. ಅವನ ಕೂಗು ಇಳಿಯಿತು.

"ಏಳು ವರ್ಷ," ಎಂದ, "ಈ ಮನುಷ್ಯ ರಾಟೆಗೆ ಕಾಳು ಹಾಕಿದ್ದಾನೆ."

"ಅಂದ್ರೆ ಕುರಿ?" ಎಂದಳು ಅಲ್ಜಿಯಾ.

"ಕುರಿ ಎಲ್ಲಿಯದು ತಾಯಿ? ಇದನ್ನ ಬಿಟ್ಟಿ ಕೊಟ್ರೂ ಯಾರೂ ಒಯ್ಯೋದಿಲ್ಲ. ಬೇರೆ ಹಕ್ಕಿಗಳ ಹತ್ರ ಇಟ್ರೆ ಅವಕ್ಕೂ ಕಲಿಸಿಬಿಡುತ್ತೆ."

"ಹಾಗಾದ್ರೆ ಹಾರಿಬಿಡಿ."

"ಪಂಜರದಲ್ಲೇ ಬೆಳೆದದ್ದು. ಹೊರಗೆ ಹೋದ್ರೆ ಕಾಳು ಹುಡುಕೋಕೆ ಬರಲ್ಲ, ಎರಡೇ ದಿನಕ್ಕೆ ಸಾಯುತ್ತೆ." ಬುಸಾದ್ ಶೂ ಹಾಕಿಕೊಂಡ. ಹೊಸ್ತಿಲಲ್ಲಿ ತಿರುಗಿ, "ಕಾಳು ಬೇಕಾದ್ರೆ ಹೇಳಿ ಕಳಿಸಿ, ಝುಬೀರನ ತಾಯಿ. ಒಳ್ಳೇದು ಎಲ್ಲಿ ಸಿಗುತ್ತೆ ಅಂತ ತೋರಿಸ್ತೀನಿ," ಎಂದು ಇಳಿದುಹೋದ.

"ನೋಡಿದ್ರಾ ಅತ್ತಿಗೆ?" ವರ್ದಿಯಾ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟಿಗೋ ಯಾತಕ್ಕೋ, ಅಲ್ಜಿಯಾಗೆ ತಿಳಿಯಲಿಲ್ಲ. "ಕೊನೆಗೂ ಇದನ್ನ ನನ್ನ ತಲೆಗೇ ಕಟ್ಟಿಹೋದ. ಒಂದು ಹನಿ! ಒಂದು ಹನಿ ಎಣ್ಣೆ ಬಿಡೋಕೆ ಏನಾಗಿತ್ತು ಈ ಮನುಷ್ಯನಿಗೆ?"

*

ಸಂಜೆಯ ಬಿಸಿಲು ಎದುರು ಗೋಡೆಯ ಮೇಲಿನಿಂದ ಜಾರುತ್ತಿತ್ತು. ತಾಯಿಗಾಗಿ ಏನಾದರೂ ಮಾಡಬೇಕೆಂದು ಝುಬೀರನಿಗೆ ಬೆಳಗಿನಿಂದ ಅನಿಸುತ್ತಿತ್ತು. ಮೇಜಿನ ಮೇಲಿದ್ದ ಡಬ್ಬಿ ತೆಗೆದುಕೊಂಡು, ಬಾಲ್ಕನಿಯಲ್ಲಿ ಅಪ್ಪನ ಸ್ಟೂಲು ಹತ್ತಿ, ಹಲ್ಲಿನಲ್ಲಿ ಕೆಂಪು ಮುಚ್ಚಳ ಕಚ್ಚಿದ.

"ಏನು ಮಾಡ್ತಿದ್ದೀಯ?"

"ಎಣ್ಣೆ ಹಾಕ್ತೀನಮ್ಮಾ. ಇಷ್ಟು ದಿನದಿಂದ ಬಯ್ತಿದ್ದೆಯಲ್ಲ."

"ಇಳಿ."

"ಒಂದೇ ನಿಮಿಷ..."

"ಇಳಿಯೋ ಅಂದೆ! ನಾನು ಬೈದಿದ್ದು ನನ್ನ ಗಂಡನಿಗೆ. ನಿನಗೆ ಯಾರು ಹೇಳಿದ್ರು?" ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಒಳಗೆ ಹೋಗಿ, ಕಾಳಿನ ಡಬ್ಬಗಳ ಹಿಂದೆ ಅದಿದ್ದ ಜಾಗದಲ್ಲೇ ಇಟ್ಟಳು. ಬರುವಾಗ ಒಂದು ಸೇಬು ತಂದಳು. ಚಾಕು ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಕೈಯಲ್ಲೇ ಎರಡಾಗಿ ಮುರಿದು ಅರ್ಧವನ್ನು ಪಂಜರದ ಕಂಬಿಗೆ ಸಿಕ್ಕಿಸಿದಳು. "ತಿನ್ನು. ತಿಂದು ಮನೆ ತೊಳಿ."

ಹಕ್ಕಿ ಸೇಬಿನ ಕಡೆ ನೋಡಲಿಲ್ಲ. ಬೆಳಗಿನಿಂದ ಬರೀ ಅಪರಿಚಿತ ದನಿಗಳನ್ನು ಕೇಳಿ ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು.

ವರ್ದಿಯಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪಂಜರವನ್ನು ಬಾಲ್ಕನಿಯ ಕೊಕ್ಕೆಗೆ ತೂಗುಹಾಕಿ, ತೋಳು ಮಡಚಿ, ಹಗ್ಗಕ್ಕೆ ಕೈ ಹಾಕಿದಳು.

"ಏ ವರ್ದಿಯಾ!" ಒಳಗಿನಿಂದ ಅಲ್ಜಿಯಾ ಕೂಗಿದಳು. "ಮೂರು ದಿನ ಬಟ್ಟೆ ಒಗೀಬಾರದು ಕಣೇ!"

"ಬಟ್ಟೆ ಎಲ್ಲಿದೆ ಅತ್ತಿಗೆ?"

ಟಾರ್ಪಾಲಿನ ಅಂಚಿನಲ್ಲಿ ಕೂತ ಗಂಡಸರು ಕಾಫಿಯ ಲೋಟ ಹಿಡಿದುಕೊಂಡೇ ತಲೆ ಎತ್ತಿದರು. ಮೂರನೆಯ ಅಂತಸ್ತಿನಿಂದ ಖಾಲಿ ಹಗ್ಗವೊಂದು ಬೀದಿಯ ಮೇಲೆ ಹೊರಟಿತ್ತು. ಒಂದು ಅಂಗಿಯಿಲ್ಲ, ಒಂದು ಟವೆಲಿಲ್ಲ. ಬರೀ ಮರದ ಕ್ಲಿಪ್ಪುಗಳು ಒಂದರ ಹಿಂದೊಂದು ಎದುರು ಗೋಡೆಯ ಕಡೆ ಹೋಗುತ್ತಿದ್ದವು. ಕಿರ್ರ್... ಕಿರ್ರ್... ಕೀ.

ವರ್ದಿಯಾ ಹಗ್ಗ ಹಿಡಿದು ನಿಂತಳು.

ಪಂಜರದೊಳಗೆ ಹಕ್ಕಿ ಮೂಲೆ ಬಿಟ್ಟು ಕೋಲಿನ ಮೇಲೆ ಬಂದು ಕೂತು, ಕತ್ತು ಓರೆ ಮಾಡಿ, ಅವಳು ಬಿಟ್ಟ ಕಡೆಯಿಂದ ಕಿರ್ರ್... ಎಂದು ಎಳೆಯತೊಡಗಿತು.